ಬೇಸಿಗೆಯಲ್ಲೂ ಹರಿಯುತ್ತಿದ್ದ ಹಳ್ಳ: ಚಿತ್ರದುರ್ಗದ ಒಂದು ಪ್ರಕರಣ

ಊರು ಚಿತ್ರದುರ್ಗ. ಅದನ್ನು ಬಿಟ್ಟು ಹಳ್ಳದ ಹೆಸರು, ಬಡಾವಣೆ ಹೆಸರು, ಜನರ ಹೆಸರು ಯಾವುದನ್ನೂ ಇಲ್ಲಿ ಹೇಳುತ್ತಿಲ್ಲ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವನು. ಬಡಾವಣೆ ನಡುವೆ ಹಾಯುವ ಹಳ್ಳವೊಂದನ್ನು ಸರಿಮಾಡುವ ಕೆಲಸಕ್ಕೆ ಸೇರಿದ ಎಂಟು ಜನರ ಗುಂಪಿನಲ್ಲಿ ಮೊದಲ ದಿನದಿಂದ ಇದ್ದೇನೆ. ಹಾಗಾಗಿ ಇಲ್ಲಿ ಬರುವ ತಪ್ಪುಗಳಲ್ಲಿ ನನ್ನ ಪಾಲೂ ಇದೆ. ಒಂದಂತೂ ಪೂರ್ತಿ ನನ್ನದೇ.

ಹಳ್ಳ ಮತ್ತು ಊರು

ಚಿತ್ರದುರ್ಗ ಗುಡ್ಡಗಳ ಮಡಿಲಲ್ಲಿರುವ ಊರು. ಒಂದು ಕಡೆ ಕೋಟೆಯ ಕಲ್ಲುಗುಡ್ಡ, ಇನ್ನೊಂದು ಕಡೆ ಜೋಗಿಮಟ್ಟಿಯ ಕಾಡು. ಮಳೆ ಕಡಿಮೆ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಬಿದ್ದರೆ ಅದೇ ದೊಡ್ಡದು. ಅದರಲ್ಲೂ ಜಾಸ್ತಿ ಬೀಳುವುದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಬಂಡೆಯ ಮೇಲೆ ಬಿದ್ದ ಮಳೆ ನಿಲ್ಲುವುದಿಲ್ಲ, ಓಡುತ್ತದೆ. ಓಡುವ ನೀರನ್ನು ಹಿಡಿದಿಟ್ಟುಕೊಳ್ಳುವುದು ಈ ಊರಿಗೆ ಹೊಸದಲ್ಲ. ಚಂದ್ರವಳ್ಳಿಯ ಬಂಡೆ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆಯಲ್ಲ, ಅದು ಹೇಳುವುದು ಕೆರೆಯ ಕೆಲಸವನ್ನೇ. ಆಮೇಲಿನ ಪಾಳೇಗಾರರ ಕಾಲದಲ್ಲಿ ಕೋಟೆ ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕತಂಗಿ ಹೊಂಡಕ್ಕೆ, ಅದು ತುಂಬಿದರೆ ಸಿಹಿನೀರು ಹೊಂಡಕ್ಕೆ, ಅಲ್ಲಿಂದ ಸಂತೆ ಹೊಂಡಕ್ಕೆ ನೀರು ಇಳಿಯುವ ಸಾಲು ಮಾಡಿದ್ದರು.

ನಮ್ಮ ಹಳ್ಳಕ್ಕೆ ಅಂಥ ಹೆಸರೇನೂ ಇಲ್ಲ. ಗುಡ್ಡದ ಬುಡದಲ್ಲಿ ಹುಟ್ಟಿ, ಬಡಾವಣೆಯೊಂದರ ನಡುವೆ ಹಾದು, ಕೆಳಗಿನ ಕೆರೆ ಸೇರುತ್ತದೆ. ಆರಾಮಾಗಿ ನಡೆದರೆ ಮುಕ್ಕಾಲು ಗಂಟೆ ದಾರಿ. ಮೇಲಿನ ಭಾಗದಲ್ಲಿ ಇನ್ನೂ ಕಾಡಿನ ಗುಣ ಉಳಿದಿದೆ. ದಿಂಡಿಗ, ಕಕ್ಕೆ, ಈಚಲು, ದಡದಲ್ಲಿ ಲಕ್ಕಿ ಗಿಡ. ನಡುವಿನ ಭಾಗದಲ್ಲಿ ಎರಡೂ ಬದಿ ಮನೆಗಳ ಹಿಂಗೋಡೆ. ಅಲ್ಲಿ ಹಳೇ ಹೊಂಗೆ, ಬೇವು, ನೇರಳೆ, ಅವುಗಳ ಕೆಳಗೆಲ್ಲ ಲಂಟಾನ ಮತ್ತು ಬಳ್ಳಾರಿ ಜಾಲಿ. ಕೆಳಗಿನ ಭಾಗದಲ್ಲಿ ಮರವೇ ಇಲ್ಲ, ಬರೀ ಜೊಂಡು.

ತೊಂದರೆ ಅಂತ ನಾವು ಅಂದುಕೊಂಡದ್ದು

ಬಡಾವಣೆಯವರ ದೂರು ಮೂರು. ಕಸ, ಸೊಳ್ಳೆ, ಕರಡಿ. ಕರಡಿ ಅಂದರೆ ನಗಬೇಡಿ. ನಮ್ಮೂರಿನ ಗುಡ್ಡದಂಚಿನ ಬೀದಿಗಳಿಗೆ ರಾತ್ರಿ ಕರಡಿ ಬರುವುದು ಹೊಸ ಸುದ್ದಿ ಅಲ್ಲ. ಹಳ್ಳದ ಪೊದೆ ಹಿಡಿದು ಇಳಿದು ಬರುತ್ತದೆ. ಲಂಟಾನದ ಹಣ್ಣು, ಈಚಲ ಹಣ್ಣು, ಗೆದ್ದಲು, ಏನೂ ಸಿಗದಿದ್ದರೆ ತಿಪ್ಪೆ. "ಪೊದೆ ಕಿತ್ತು ಹಾಕ್ರಿ ಸಾರ್, ಎಲ್ಲಾ ಸರಿ ಹೋಗ್ತದೆ" ಅಂತ ಹತ್ತು ಜನ ಹೇಳಿದರು. ನಾವೂ ಹಾಗೇ ನಂಬಿದೆವು.

ಹಳ್ಳದ ಬಗ್ಗೆ ಜನಕ್ಕೆ ಒಂದು ಹೆಮ್ಮೆಯೂ ಇತ್ತು. "ಎಂಥಾ ಬೇಸಿಗೆ ಬರಲಿ, ಏಪ್ರಿಲ್‌ನಲ್ಲೂ ನೀರು ಹರಿಯುತ್ತೆ ನೋಡಿ" ಅಂತ ಮೊದಲ ಸಭೆಯಲ್ಲೇ ಒಬ್ಬರು ಹೇಳಿದರು. ನಾನು ಅದನ್ನು ಹಳ್ಳದ ಒಳ್ಳೆ ಗುಣ ಅಂತ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಆ ಸಾಲಿನ ಕೆಳಗೆ ಗೆರೆ ಬೇರೆ ಎಳೆದಿದ್ದೆ. ಪೂರ್ತಿ ನನ್ನದೇ ತಪ್ಪು ಅಂದೆನಲ್ಲ, ಅದು ಇದೇ.

ಮಾಡಿದ್ದು

ಮೊದಲು ಭಾನುವಾರದ ಕಸ ಎತ್ತುವ ಕೆಲಸ. ಫೋಟೊ ಚೆನ್ನಾಗಿ ಬಂತು, ಕಸ ಮೂರು ವಾರಕ್ಕೆ ವಾಪಸ್ ಬಂತು. ಆಮೇಲೆ ಗಿಡ ನೆಟ್ಟೆವು. ಸಿಕ್ಕ ಗಿಡ, ಸಿಕ್ಕ ಜಾಗ. ಗುಲ್‌ಮೊಹರ್, ಮಳೆಮರ, ಹಳ್ಳದ ಪಾತ್ರದೊಳಗೇ ಒಂದು ಸಾಲು. ಮೊದಲ ಜೋರು ಮಳೆಗೆ ಆ ಸಾಲು ಟ್ರೀಗಾರ್ಡ್ ಸಮೇತ ಹೋಯಿತು. ಇದರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಎಲ್ಲರೂ ಮಾಡುವ ತಪ್ಪು.

ಮೂರನೆಯದು ದುಬಾರಿಯಾಯಿತು. 2022ರ ಬೇಸಿಗೆಯಲ್ಲಿ ಚಂದಾ ಎತ್ತಿ ಜೆಸಿಬಿ ತರಿಸಿದೆವು. ಎರಡು ದಿನದಲ್ಲಿ ನಡುವಿನ ಭಾಗದ ಲಂಟಾನ, ಜಾಲಿ ಎಲ್ಲ ಬೇರು ಸಮೇತ ಮೇಲೆ ಬಂತು. ದಡ ಬೋಳಾಯಿತು. ನೋಡಲು ಎಷ್ಟು ಸ್ವಚ್ಛ ಅಂದರೆ, ಜನ ಬಂದು ಕೈ ಕುಲುಕಿದರು. ಸೇಬಿನಂಥ ಕೆಂಪು ಮಣ್ಣು, ಮೇಲೆ ಹಳೇ ಹೊಂಗೆಗಳು ಮಾತ್ರ.

ಆ ವರ್ಷದ ಮಳೆ ನಿಮಗೆ ನೆನಪಿರಬಹುದು. 1933ರ ನಂತರ ಮೊದಲ ಸಲ ಮಾರಿಕಣಿವೆ (ವಾಣಿವಿಲಾಸ ಸಾಗರ) ಜಲಾಶಯ ಕೋಡಿ ಬಿದ್ದದ್ದು ಅದೇ ವರ್ಷ. ಇಡೀ ಜಿಲ್ಲೆ ಬಾಗಿನ, ಪೂಜೆ ಅಂತ ಸಂಭ್ರಮದಲ್ಲಿದ್ದಾಗ ನಾವು ಹಳ್ಳದ ದಡ ಕುಸಿಯುವುದನ್ನು ನೋಡುತ್ತಾ ನಿಂತಿದ್ದೆವು. ತಿರುವು ಇರುವ ಕಡೆ ಒಂದೇ ರಾತ್ರಿಯಲ್ಲಿ ದಡ ಆಳೆತ್ತರ ಕೊರೆದು ಹೋಗಿತ್ತು. ಬೆಳಿಗ್ಗೆ ಹೋದರೆ ದೊಡ್ಡ ಹೊಂಗೆಯೊಂದರ ಅರ್ಧ ಬೇರು ಗಾಳಿಯಲ್ಲಿ ನೇತಾಡುತ್ತಿತ್ತು. ದಪ್ಪ ಬೇರುಗಳ ನಡುವೆ ಕೂದಲಿನಂಥ ಸಣ್ಣ ಬೇರು, ಅವುಗಳಲ್ಲಿ ಸಿಕ್ಕಿಕೊಂಡ ಹಾಲಿನ ಕವರು. ಮುಟ್ಟಿದರೆ ಮಣ್ಣು ಉದುರುತ್ತಿತ್ತು. ನಾಲ್ಕನೇ ದಿನ ಮರ ಅಡ್ಡ ಬಿತ್ತು.

ಲಂಟಾನ ಕೆಟ್ಟ ಗಿಡ, ನಿಜ. ಆದರೆ ಆ ದಡದ ಮಣ್ಣನ್ನು ಹಿಡಿದಿದ್ದದ್ದು ಅದೇ. ಬೇರೆ ಯಾರಾದರೂ ಬಂದು ಹಿಡಿಯುವ ತನಕ ಕಳ್ಳನೇ ಕಾವಲುಗಾರ. ಜಾಲಿಯ ಕಥೆ ಇನ್ನೂ ತಮಾಷೆ. ಜೆಸಿಬಿ ಬಿಟ್ಟುಹೋದ ಬುಡಗಳಿಂದ ದೀಪಾವಳಿ ಹೊತ್ತಿಗೆ ಒಂದಕ್ಕೆ ಐದರಂತೆ ಚಿಗುರು ಬಂದಿತ್ತು.

ಗೋಡೆಯ ಮಾತು, ಅಜ್ಜನ ಮಾತು

ದಡ ಕುಸಿದ ಮೇಲೆ ಸಂಬಂಧಪಟ್ಟ ಕಚೇರಿಯಿಂದ ಎಂಜಿನಿಯರೊಬ್ಬರು ಬಂದರು. ಎರಡೂ ಬದಿ ಕಾಂಕ್ರೀಟ್ ಗೋಡೆ, ತಳಕ್ಕೂ ಕಾಂಕ್ರೀಟ್ ಅಂದರು. ಕೆಟ್ಟ ಮನುಷ್ಯರಲ್ಲ, ಅವರಿಗೆ ಗೊತ್ತಿದ್ದ ದಾರಿ ಅದು. ಬಡಾವಣೆಯ ಅರ್ಧ ಜನ ಒಪ್ಪಿಬಿಟ್ಟಿದ್ದರು. ಗೋಡೆ ಕಟ್ಟಿದರೆ ನಮ್ಮ ಜಾಗ ಉಳಿಯುತ್ತದೆ ನಿಜ. ಆದರೆ ನೀರಿನ ವೇಗ ಹೆಚ್ಚಿ, ಗೋಡೆ ಮುಗಿಯುವಲ್ಲಿ ಕೆಳಗಿನವರ ದಡ ಹೋಗುತ್ತದೆ. ತಳಕ್ಕೆ ಕಾಂಕ್ರೀಟ್ ಹಾಕಿದರೆ ಇಂಗುವ ನೀರೂ ಹೋಯಿತು. ಇಷ್ಟು ಹೇಳಿ ಆರು ತಿಂಗಳು ಸಮಯ ಕೇಳಿದೆವು. ಕೊಟ್ಟರು. ಬಜೆಟ್ ಇನ್ನೂ ಬಂದಿರಲಿಲ್ಲ ಅನ್ನುವುದೂ ಒಂದು ಕಾರಣ ಇರಬಹುದು.

ಆ ಸಮಯದಲ್ಲಿ ನಾನು ಮಾಡಬೇಕಾದ ಕೆಲಸವನ್ನು ಮಾಡಿದೆ. ಅಂದರೆ ಎರಡು ವರ್ಷ ತಡವಾಗಿ, ಹಳ್ಳವನ್ನು ಮೇಲಿಂದ ಕೆಳಗೆ ನಡೆದು ನೋಡಿದೆ. ಪ್ರತಿ ನೂರು ಹೆಜ್ಜೆಗೆ ನಿಂತು ನಾಲ್ಕು ವಿಷಯ ಬರೆಯುವುದು: ನೆರಳು ಎಷ್ಟಿದೆ, ದಡ ಹೇಗಿದೆ, ಮೊಳಕಾಲೆತ್ತರದ ಎಳೆ ಮರಗಳು ಯಾವುವು, ಕಲ್ಲಿನಡಿ ಏನಿದೆ.

ಮೇಲಿನ ಭಾಗದಲ್ಲಿ, ಮಳೆ ನಿಂತು ತಿಂಗಳಾದ ಮೇಲೂ ಬಂಡೆ ಸಂದಿನ ಗುಂಡಿಗಳಲ್ಲಿ ನೀರಿತ್ತು. ಅಂಗೈ ಅಗಲದ ಕಲ್ಲೊಂದನ್ನು ತಿರುಗಿಸಿದೆ. ಅಡಿಯಲ್ಲಿ ಚಪ್ಪಟೆ ಮೈಯ, ಮೂರು ಎಳೆ ಬಾಲದ ಪುಟ್ಟ ಹುಳು ಬೆಳಕಿಗೆ ಹೆದರಿ ಕಲ್ಲಿನ ಇನ್ನೊಂದು ಅಂಚಿಗೆ ಓಡಿತು. ಮೇಫ್ಲೈ ಮರಿ. ನೀರಿನಲ್ಲಿ ಚೆನ್ನಾಗಿ ಆಮ್ಲಜನಕ ಇದ್ದರೆ ಮಾತ್ರ ಇದು ಬದುಕುತ್ತದೆ. ಅಲ್ಲಿಂದ ಇಪ್ಪತ್ತು ನಿಮಿಷ ಕೆಳಗೆ, ಸೇತುವೆ ಹತ್ತಿರ ಮತ್ತೊಂದು ಕಲ್ಲು ತಿರುಗಿಸಿದೆ. ಕಪ್ಪು ಕೆಸರು, ಕೊಳೆತ ಮೊಟ್ಟೆ ವಾಸನೆ, ಕೆಂಪು ದಾರದ ತುಂಡುಗಳಂತೆ ಹೊರಳಾಡುವ ಹುಳುಗಳು. ಉಸಿರಾಡಲು ಕಷ್ಟವಾದ ನೀರಿನಲ್ಲಿ ಬದುಕುವುದಕ್ಕಾಗಿ ಇವು ರಕ್ತದಲ್ಲಿ ನಮ್ಮ ಹಾಗೆ ಹಿಮೋಗ್ಲೋಬಿನ್ ಇಟ್ಟುಕೊಂಡಿವೆ, ಆ ಕೆಂಪು ಅದರದ್ದೇ. ಲ್ಯಾಬು ಬೇಡ, ಯಂತ್ರ ಬೇಡ. ಎರಡು ಕಲ್ಲು ಸಾಕಾಯಿತು.

ಮರಗಳ ಲೆಕ್ಕ ಇನ್ನೂ ಬೇಜಾರು ತಂದಿತು. ನಡುವಿನ ಭಾಗದಲ್ಲಿ ದೊಡ್ಡ ಹೊಂಗೆಗಳು ಬೇಕಾದಷ್ಟು, ಎಳೆ ಹೊಂಗೆ ಒಂದೂ ಇಲ್ಲ. ವಯಸ್ಸಾದವರು ಮಾತ್ರ ಉಳಿದಿರುವ ಹಳ್ಳಿಯ ಓಣಿ ಇರುತ್ತದಲ್ಲ, ಹಾಗೆ. ಹೊಂಗೆ ಕಾಯಿ ನೀರಿನಲ್ಲಿ ತೇಲಿ ಹೋಗಿ ದಡ ಸೇರಿ ಮೊಳೆಯುವಂಥದ್ದು. ಇಲ್ಲಿ ಅವು ಕೆಸರಿನಲ್ಲಿ ಕೊಳೆಯುತ್ತಿದ್ದವು, ಇಲ್ಲವೇ ಜೊಂಡಿನ ಕೆಳಗೆ ಕತ್ತಲಲ್ಲಿ ಸಾಯುತ್ತಿದ್ದವು. ದಡದ ಎರಡು ಬೇವಿನ ಮರ ತುದಿಯಿಂದ ಒಣಗುತ್ತಿದ್ದವು. ನೀರಿನ ಪಕ್ಕದಲ್ಲೇ ಇದ್ದ ಮರ ಯಾಕೆ ಒಣಗಬೇಕು ಅಂತ ನನಗೆ ಹೊಳೆಯಲಿಲ್ಲ.

ಹೊಳೆಯಿಸಿದ್ದು ಕುರಿ ಕಾಯುವ ಹಿರಿಯರೊಬ್ಬರು. ಮೇಲಿನ ಬಂಡೆ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ನಾನು ಹೋಗಿ ಪಕ್ಕ ಕೂತೆ.

"ಏನಪ್ಪ ಮೇಷ್ಟ್ರೆ, ಕಲ್ಲು ತಿರುಗಿಸ್ತಾ ಬರ್ತಿದ್ದೀಯ, ಏನ್ ಕಳಕಂಡಿದ್ದಿ?"

ಹೇಳಿದೆ. ಹಳ್ಳ ಕೆಟ್ಟಿದೆ ಅಜ್ಜ, ಯಾಕೆ ಅಂತ ಹುಡುಕುತ್ತಿದ್ದೇನೆ ಅಂತ. ಅವರು ಉಗುಳಿ ಬಂದು ಹೇಳಿದರು: "ನಾವು ಹುಡುಗರಿದ್ದಾಗ ಶಿವರಾತ್ರಿ ಹೊತ್ತಿಗೆ ಇದು ಒಣಗ್ತಿತ್ತು. ಮರಳಲ್ಲಿ ಒರತೆ ತೋಡಿ ನೀರು ಕುಡೀತಿದ್ವಿ. ಬ್ಯಾಸಿಗೇಲಿ ಹರಿಯೋ ಹಳ್ಳ ಈ ಸೀಮೇದಲ್ಲ ಕಣಪ್ಪ. ಎಲ್ಲಿಂದ ಬರ್ತೈತೆ ಆ ನೀರು, ಕೇಳಿದೀಯ?"

ಕೇಳಿರಲಿಲ್ಲ.

ಕೋಲು

ಅಲ್ಲಿಂದ ದಾರಿ ಬದಲಾಯಿತು. ಸೇತುವೆ ಕೆಳಗೆ ಒಂದು ಬಿದಿರು ಕೋಲು ನೆಟ್ಟೆವು. ಗುಂಪಿನ ಹುಡುಗಿಯೊಬ್ಬಳು ತನ್ನ ಉಗುರಿನ ಬಣ್ಣದಿಂದ ಒಂದೊಂದು ಇಂಚಿಗೆ ಗೆರೆ ಹಾಕಿದಳು. ಮಾರ್ಚ್, ಏಪ್ರಿಲ್ ಪೂರ್ತಿ, ಸರದಿ ಮೇಲೆ ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಆಗಾಗ ಹೋಗಿ ನೋಡಿ ಬರೆದೆವು.

ಹಳ್ಳಕ್ಕೆ ಗಡಿಯಾರ ಇತ್ತು! ಬೆಳಿಗ್ಗೆ ಏಳರಿಂದ ಒಂಬತ್ತು, ಸ್ನಾನದ ಹೊತ್ತು, ನೀರು ಏರುತ್ತಿತ್ತು. ಮಧ್ಯಾಹ್ನ ಇಳಿಯುತ್ತಿತ್ತು. ಸಂಜೆ ಮತ್ತೆ ಸ್ವಲ್ಪ ಏರಿಕೆ. ಬೀದಿಗೆ ನಲ್ಲಿ ನೀರು ಬಿಡುವ ದಿನವಂತೂ ಹಳ್ಳ ಉಬ್ಬುತ್ತಿತ್ತು. ಎಲ್ಲರ ಮನೆಯಲ್ಲಿ ಅವತ್ತೇ ಬಟ್ಟೆ ಒಗೆಯುವುದು, ಅವತ್ತೇ ತೊಟ್ಟಿ ತೊಳೆಯುವುದು, ಅಲ್ವಾ? ಚಿತ್ರದುರ್ಗಕ್ಕೆ ಕುಡಿಯುವ ನೀರು ಬರುವುದು ಸೂಳೆಕೆರೆಯಿಂದ ಮತ್ತು ಮಾರಿಕಣಿವೆಯಿಂದ. ಅಂದರೆ ನಾವು ಹೆಮ್ಮೆ ಪಟ್ಟ ಬೇಸಿಗೆಯ ಹರಿವು ನಮ್ಮ ಗುಡ್ಡದ್ದೇ ಅಲ್ಲ. ದೂರದ ಕೆರೆಯ ನೀರು ಪೈಪಿನಲ್ಲಿ ಬಂದು, ಬಚ್ಚಲು ದಾಟಿ ಹಳ್ಳಕ್ಕೆ ಇಳಿಯುತ್ತಿತ್ತು.

ಇದು ಗೊತ್ತಾದ ಮೇಲೆ ಉಳಿದದ್ದೆಲ್ಲ ಒಂದೊಂದಾಗಿ ಬಿಡಿಸಿಕೊಂಡಿತು. ಬಯಲುಸೀಮೆಯ ಹಳ್ಳದ ಮರಗಳು ಬೇಸಿಗೆಯ ಒಣಗಾಲಕ್ಕೆ ಒಗ್ಗಿದವು. ವರ್ಷವಿಡೀ ಬುಡ ನೆನೆದರೆ ಬೇವಿನ ಬೇರು ಉಸಿರು ಕಟ್ಟಿ ಸಾಯುತ್ತದೆ. ಸೋಪು, ಊಟದ ಉಳಿಕೆ, ಶೌಚದ ನೀರು ಸೇರಿ ಗೊಬ್ಬರವಾಗಿ ಜೊಂಡನ್ನು ಬೆಳೆಸುತ್ತದೆ. ಹಳ್ಳ ಒಂದು ಸಲವೂ ಒಣಗದಿದ್ದರೆ ಜೊಂಡು ಸಾಯುವುದೇ ಇಲ್ಲ. ಸೊಳ್ಳೆಯೂ ಅಷ್ಟೇ, ಕೊಳಚೆಯಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆಗೆ ಇದು ಹನ್ನೆರಡು ತಿಂಗಳ ಹೆರಿಗೆ ಮನೆ. (ಡೆಂಗಿ ತರುವ ಈಡಿಸ್ ಬೇರೆ. ಅದು ಮನೆಯ ಡ್ರಮ್ಮಿನ ತಿಳಿ ನೀರಿನದ್ದು. ಅದಕ್ಕೆ ಹಳ್ಳವನ್ನು ಬೈದು ಪ್ರಯೋಜನವಿಲ್ಲ.)

ಎರಡು ಕಷ್ಟದ ತೀರ್ಮಾನ

ಅಷ್ಟರಲ್ಲಿ ಗುಂಪಿನ ಒಬ್ಬರು ಗ್ರಾಮ ನಕಾಶೆ ತೆಗೆಸಿ ತಂದರು. ಹಳ್ಳ 'ಬಿ' ಖರಾಬು. ಅಂದರೆ ಸಾರ್ವಜನಿಕ ಜಾಗ, ಯಾರ ಖಾತೆಗೂ ಸೇರುವಂಥದ್ದಲ್ಲ. ನಕಾಶೆಯ ಅಗಲಕ್ಕೂ ನೆಲದ ಅಗಲಕ್ಕೂ ತಾಳೆ ಇರಲಿಲ್ಲ. ಎರಡು ಕಾಂಪೌಂಡ್ ಗೋಡೆಗಳು ಸ್ಪಷ್ಟವಾಗಿ ಹಳ್ಳದೊಳಗಿದ್ದವು. ಒತ್ತುವರಿ ವಿಷಯವನ್ನೇ ಮೊದಲು ಎತ್ತಬೇಕು ಅಂತ ಅವರ ವಾದ. ನನ್ನದು ಬೇರೆ: ಗೋಡೆ ಕೆಡವುವ ಮಾತು ತೆಗೆದ ದಿನವೇ ಇಡೀ ಬೀದಿ ನಮ್ಮ ವಿರುದ್ಧ ಒಂದಾಗುತ್ತದೆ, ಆಮೇಲೆ ಯಾರೂ ಪೈಪಿನ ಬಗ್ಗೆ ಮಾತಾಡುವುದಿಲ್ಲ. ಮೊದಲು ಪೈಪು, ಆಮೇಲೆ ಗೋಡೆ. ಮತಕ್ಕೆ ಹಾಕಿದಾಗ ನನ್ನ ಮಾತು ನಡೆಯಿತು. ಅವರು ಗುಂಪು ಬಿಟ್ಟರು. ಗೋಡೆಗಳು ಇವತ್ತಿಗೂ ಅಲ್ಲೇ ಇವೆ. ಅವರು ಹೇಳಿದ್ದೇ ಸರಿ ಇತ್ತೇನೋ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಪೈಪುಗಳನ್ನು ಎಣಿಸಿದಾಗ ನಡುವಿನ ಭಾಗದಲ್ಲೇ ಹತ್ತೊಂಬತ್ತು ಸಿಕ್ಕವು. ಬೀದಿಯಲ್ಲಿ ಯುಜಿಡಿ ಲೈನ್, ಅಂದರೆ ನೆಲದಡಿಯ ಒಳಚರಂಡಿ, ಇತ್ತು. ಹಳ್ಳಕ್ಕೆ ಬಿಡುವುದು ಸುಲಭ ಅಂತ ಬಹಳ ಜನ ಕನೆಕ್ಷನ್ ತಗೊಂಡಿರಲಿಲ್ಲ. ಮನೆ ಮನೆಗೆ ಹೋದೆವು. ಪರಿಸರ ಅಂದರೆ ಬಾಗಿಲು ಮುಚ್ಚುತ್ತಿದ್ದವರು, ಕೋಲಿನ ಲೆಕ್ಕ ತೋರಿಸಿದರೆ ನಿಂತು ಕೇಳುತ್ತಿದ್ದರು. "ನಿಮ್ಮ ಬೀದಿ ಎಷ್ಟೊತ್ತಿಗೆ ಸ್ನಾನ ಮಾಡುತ್ತೆ ಅಂತ ಹಳ್ಳ ಹೇಳ್ತದೆ ಅಕ್ಕಾ" ಅಂದರೆ ನಗುತ್ತಿದ್ದರು. ನಗು ಬಂದ ಮನೆಯಲ್ಲಿ ಕೆಲಸ ಆಗುತ್ತಿತ್ತು. ಒಂದು ವರ್ಷದಲ್ಲಿ ಹನ್ನೆರಡು ಪೈಪು ಯುಜಿಡಿಗೆ ತಿರುಗಿದವು. ನಾಲ್ಕು ಮನೆ ರಸ್ತೆಗಿಂತ ತಗ್ಗಿನಲ್ಲಿದ್ದವು, ನೀರು ಮೇಲೆ ಹತ್ತುವುದಿಲ್ಲ. ಇಂಗುಗುಂಡಿ ಅಂದರೆ ಎರಡಡಿಗೆ ಬಂಡೆ. ಅವರು ಬಚ್ಚಲ ನೀರನ್ನಾದರೂ ಬಾಳೆ, ಕೆಸುವಿನ ಪಾತಿಗೆ ಬಿಟ್ಟುಕೊಂಡರು. ಉಳಿದ ಮೂವರು ಒಪ್ಪಲೇ ಇಲ್ಲ.

ಎರಡನೇ ಕಷ್ಟ ನಾವು ಊಹಿಸದೇ ಇದ್ದದ್ದು. ಬಡಾವಣೆಯ ತುದಿಯಲ್ಲಿ ಎರಡು ಎಮ್ಮೆ ಸಾಕಿ ಹಾಲು ಹಾಕುವವರೊಬ್ಬರಿದ್ದಾರೆ. ಹಳ್ಳದ ಕೊಳಚೆಯಲ್ಲಿ ಬೆಳೆಯುವ ಹಸಿ ಹುಲ್ಲೇ ಅವರ ಬೇಸಿಗೆಯ ಮೇವು. ನೀರು ಕಡಿಮೆಯಾದ ಕೂಡಲೇ ಹುಲ್ಲು ಕೆಂಪಾಯಿತು. ನನ್ನ ಮನೆ ಮುಂದೆ ಬಂದು ನಿಂತರು. "ನಿಮಗೆ ಹಳ್ಳ ಚೆಂದ ಕಾಣ್ಬೇಕು. ನನ್ನ ಎಮ್ಮೆ ಏನ್ ತಿನ್ಬೇಕು ಸಾರ್?" ಉತ್ತರ ಇರಲಿಲ್ಲ. ಕೊಳಚೆ ಹುಲ್ಲು ಒಳ್ಳೆಯದಲ್ಲ ಅಂತ ಹೇಳಬಹುದಿತ್ತು, ಆದರೆ ಹೊಟ್ಟೆಗೆ ಬದಲಿ ತೋರಿಸದೆ ಹಾಗೆ ಹೇಳುವುದಕ್ಕೆ ಬಾಯಿ ಬರಲಿಲ್ಲ. ಕೊನೆಗೆ ತಗ್ಗಿನ ನಾಲ್ಕು ಮನೆಗಳ ಬಚ್ಚಲ ನೀರಿನ ಪಾತಿಯ ಪಕ್ಕದಲ್ಲೇ ನೇಪಿಯರ್ ಹುಲ್ಲಿನ ಕಡ್ಡಿ ನೆಟ್ಟುಕೊಳ್ಳಲು ಮನೆಯವರನ್ನು ಒಪ್ಪಿಸಿದೆವು. ಅರ್ಧ ಬೇಸಿಗೆಗೆ ಆಗುತ್ತದೆ. ಉಳಿದರ್ಧ ಅವರು ಈಗಲೂ ಕೊಂಡು ಹಾಕುತ್ತಾರೆ.

ದಡದ ಕೆಲಸ

ಗೋಡೆಯ ಬದಲು ಕೊರೆದ ತಿರುವಿನಲ್ಲಿ ಮಾತ್ರ ಕಲ್ಲು ಪಿಚ್ಚಿಂಗ್, ಅಂದರೆ ದಡಕ್ಕೆ ಕಲ್ಲು ಹೊದಿಸುವ ಕೆಲಸ, ಮಾಡಿಸಲು ಎಂಜಿನಿಯರ್ ಒಪ್ಪಿದರು. ಸಿಮೆಂಟು ಬೇಡ ಅಂದೆವು. ಕಲ್ಲಿನ ಸಂದಿಗೆ ಲಕ್ಕಿ ಕಡ್ಡಿ, ಲಾವಂಚ ಸಿಕ್ಕಿಸಿದೆವು. ಲಕ್ಕಿಯನ್ನು ಆಡು, ಕುರಿ ಸಾಮಾನ್ಯವಾಗಿ ಬಾಯಿಗೆ ಹಾಕುವುದಿಲ್ಲ, ಕಡ್ಡಿ ನೆಟ್ಟರೆ ಬೇರು ಬಿಡುತ್ತದೆ. ಅದಕ್ಕಿಂತ ಒಳ್ಳೆ ಗಿಡ ನಮ್ಮ ಹಳ್ಳದ ದಡಕ್ಕೆ ನನಗೆ ಗೊತ್ತಿಲ್ಲ.

ಲಂಟಾನವನ್ನು ಈ ಸಲ ಒಂದೇ ಸಾರಿ ತೆಗೆಯಲಿಲ್ಲ. ಒಂದು ಮಂಚದಗಲ ತೆಗೆಯುವುದು, ಪಕ್ಕದ್ದನ್ನು ಬಿಡುವುದು. ಬುಡವನ್ನು ನೆಲದ ಒಳಗೆ ಎರಡು-ಮೂರು ಇಂಚು ಕೆಳಗೆ ಗುದ್ದಲಿಯಿಂದ ಕತ್ತರಿಸಿ, ಬೇರು ಮೇಲಾಗುವಂತೆ ತಲೆಕೆಳಗು ಮಾಡಿ ಒಣಗಲು ಇಡುವುದು. ತೆಗೆದ ಜಾಗಕ್ಕೆ ಮೇಲಿನ ಭಾಗದಿಂದಲೇ ಆರಿಸಿ ತಂದ ಹೊಂಗೆ, ನೇರಳೆ, ಕಕ್ಕೆ, ಹೊಳೆಮತ್ತಿ ಬೀಜ. ಅದು ಬೆರಳುದ್ದ ಬೆಳೆದ ಮೇಲಷ್ಟೇ ಪಕ್ಕದ ತುಂಡು. ಜನಕ್ಕೆ ಇದು ಸೋಮಾರಿತನದಂತೆ ಕಂಡಿತು. "ಜೆಸಿಬಿ ಎರಡು ದಿನದಲ್ಲಿ ಮಾಡಿತ್ತು" ಅಂತ ಒಬ್ಬರು ಪ್ರತಿ ವಾರ ನೆನಪಿಸುತ್ತಿದ್ದರು.

ಕರಡಿಯ ವಿಷಯದಲ್ಲಿ ಪೊದೆಗಿಂತ ತಿಪ್ಪೆ ಮುಖ್ಯ ಅನ್ನುವುದು ನಮಗೆ ಗೊತ್ತಾಯಿತು. ಹಳ್ಳದ ತಲೆಯಲ್ಲಿ ಛತ್ರದ ಊಟದೆಲೆ ಸುರಿಯುವುದು ನಿಂತ ಮೇಲೆ ಬರುವುದು ಕಡಿಮೆಯಾಗಿದೆ. ನಿಂತಿಲ್ಲ. ಅದರ ಕಾಡು ಆ ಗುಡ್ಡದ ಮೇಲೇ ಇದೆ, ಬರಬೇಡ ಅನ್ನುವುದಕ್ಕೆ ನಾವ್ಯಾರು.

ಈಗ ಹೇಗಿದೆ

ಮೇಲಿನ ಭಾಗ ಹಾಗೇ ಚೆನ್ನಾಗಿದೆ. ಅಲ್ಲಿ ನಾವು ಏನೂ ಮಾಡಿಲ್ಲ, ಅದೇ ಕಾರಣ ಇರಬೇಕು. ಕೆಳಗಿನ ಭಾಗ ಹಾಗೇ ಕೆಟ್ಟಿದೆ. ಹಳ್ಳದ ಪಕ್ಕದಲ್ಲೇ ಹಾದುಹೋಗುವ ಯುಜಿಡಿ ಚೇಂಬರ್ ಜೋರು ಮಳೆಗೆ ಉಕ್ಕುತ್ತದೆ. ಆ ಹನ್ನೆರಡು ಕನೆಕ್ಷನ್ ಅದಕ್ಕೇ ಸೇರಿಸಿದ ಮೇಲೆ ಸ್ವಲ್ಪ ಜಾಸ್ತಿಯೇ ಉಕ್ಕುತ್ತದೆ ಅನ್ನುವುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಮ್ಮ ತೊಂದರೆಯ ಒಂದು ಭಾಗವನ್ನು ನಾವು ಕೆಳಕ್ಕೆ ದಾಟಿಸಿದ್ದೇವೆ. ಕಾಂಕ್ರೀಟ್ ಗೋಡೆಗೆ ನಾನು ಹೇಳಿದ್ದ ಆಕ್ಷೇಪ ಇದೇ ಆಗಿತ್ತು. ಸೇತುವೆಯಿಂದ ಕೆಳಗೆ ಕಲ್ಲು ತಿರುಗಿಸಿದರೆ ಈಗಲೂ ಕೆಂಪು ಹುಳುವೇ ಸಿಗುತ್ತದೆ.

ಬದಲಾದದ್ದು ನಡುವಿನ ಭಾಗ. ಒಣಗುತ್ತಿದ್ದ ಎರಡು ಬೇವಿನಲ್ಲಿ ಒಂದು ಸತ್ತಿತು, ಇನ್ನೊಂದು ಕೆಳಗಿನ ಕೊಂಬೆಯಿಂದ ಚಿಗುರಿದೆ. ಜೊಂಡು ಅರ್ಧದಷ್ಟು ಒಣಗಿದೆ. ದಡದ ಹಸಿ ಮರಳಿನಲ್ಲಿ, ನಾವು ಬೀಜ ಹಾಕದ ಕಡೆಯೂ, ಹೊಂಗೆಯ ಮೊಳಕೆ ಕಾಣಿಸಿಕೊಂಡಿದೆ. ಮಿರಮಿರ ಮಿಂಚುವ ಎಳೆ ಎಲೆ. ಎಷ್ಟು ಉಳಿಯುತ್ತವೋ, ಆಡುಗಳು ಎಷ್ಟು ಬಿಡುತ್ತವೋ ನೋಡಬೇಕು.

ಹೋದ ಏಪ್ರಿಲ್‌ನಲ್ಲಿ ಲೆಕ್ಕ ಬರೆಯಲು ಹೋದಾಗ ಸೇತುವೆಯಡಿ ಕೋಲು ಕಾಣಲಿಲ್ಲ. ಯಾರೋ ಕಿತ್ತುಕೊಂಡು ಹೋದರು ಅಂತ ಸಿಟ್ಟು ಬಂತು. ಸ್ವಲ್ಪ ಮೇಲೆ ಗಲಾಟೆ ಕೇಳಿಸಿತು. ಹೋಗಿ ನೋಡಿದರೆ ಒಣಗಿದ ಹಳ್ಳದ ಮರಳಿನಲ್ಲಿ ಬಡಾವಣೆಯ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಉಗುರುಬಣ್ಣದ ಗೆರೆಗಳ ನಮ್ಮ ಕೋಲನ್ನು ನಡುವಿನ ಸ್ಟಂಪ್ ಮಾಡಿಕೊಂಡಿದ್ದರು. "ಅಂಕಲ್, ಇದು ನಿಮ್ದಾ? ಕೊಡ್ಬೇಕಾ?" ಅಂತ ಒಬ್ಬ ಕೇಳಿದ. ಓವರ್ ಮುಗಿಸಿ ಕೊಡಪ್ಪ ಅಂದೆ.